ಆ ‘ಲಾಯಿತು’ ಯಾರು?

ಬೆಳಗಿನ ಆರು ಗಂಟೆ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಹೆಂಗಸೊಬ್ಬರು ಗೊಣಗುತ್ತ ಓಡಾಡುತ್ತಿದ್ದಾರೆ. ಅಯಸ್ಕಾಂತಕ್ಕೆ ತಣ್ಣೀರು ಹರಿಸುವ ನಲ್ಲಿಯನ್ನು ಯಾರೋ ಅರ್ಧ ತಿರುಗಿಸಿ ಹೋಗಿದ್ದಾರೆ. ದ್ರವ ಸಾರಜನಕದ ಫ್ಲಾಸ್ಕಿಗೆ ಮುಚ್ಚಳವಿಲ್ಲ. “ಮುಚ್ಚೋಕೆ ಕೈ ಇಲ್ವಾ ಇವರಿಗೆ?” ಎಂದು, ಇವರ ಬಗ್ಗೆ ಬರೆಯಲು ಬಂದಿರುವ ನನ್ನನ್ನು ಕೇಳುತ್ತಾರೆ. ಕೈಗಡಿಯಾರ ಬಿಚ್ಚಿಡದೆ ಅಯಸ್ಕಾಂತದ ಹತ್ತಿರ ಹೋದದ್ದಕ್ಕೆ ನನಗೂ ಆಗಲೇ ಮಂಗಳಾರತಿ ಆಗಿದೆ.

ಇಲ್ಲಿ ಎಲ್ಲರಿಗೂ ಇವರು ಬೆಂಕಿ ಅಕ್ಕ. ಬೆಂಕಿ ಇವರ ಕೆಲಸವೂ ಹೌದು, ಸ್ವಭಾವವೂ ಹೌದು.

ಪ್ಲಾಸ್ಟಿಕ್ಕಿಗೆ ವಿಕಿರಣ ಬಡಿದರೆ ಅದರ ಅಣುಗಳ ಉದ್ದನೆಯ ಸರಪಳಿ ಅಲ್ಲಲ್ಲಿ ಕಡಿದು, ಜೋಡಿ ತಪ್ಪಿದ ಎಲೆಕ್ಟ್ರಾನುಗಳು ಉಳಿಯುತ್ತವೆ. ಇವೇ ಫ್ರೀ ರ‍್ಯಾಡಿಕಲ್‌ಗಳು. ಕ್ರಿಮಿ ಕೊಲ್ಲಲು ವಿಕಿರಣ ಬಡಿಸಿದ ಕೃತಕ ಮಂಡಿಯೊಳಗಿನ ಪ್ಲಾಸ್ಟಿಕ್ಕು ವರ್ಷಗಳ ಮೇಲೆ ಪೆಡಸಾಗುವುದಕ್ಕೆ ಇವೂ ಕಾರಣ. ಆ ಅಯಸ್ಕಾಂತವಿರುವ ಯಂತ್ರ, ಸ್ಪೆಕ್ಟ್ರೋಮೀಟರ್, ಇವನ್ನು ಗೆರೆಗಳಾಗಿ ಬರೆದು ತೋರಿಸುತ್ತದೆ. ತಾಪತ್ರಯವೆಂದರೆ, ಪ್ಲಾಸ್ಟಿಕ್ ತುಂಬಿದ ಗಾಜಿನ ಕೊಳವೆಗೂ ವಿಕಿರಣ ಬಡಿದಿರುತ್ತದೆ. ಅದೂ ತನ್ನದೊಂದು ಗೆರೆ ಎಳೆದುಬಿಡುತ್ತದೆ. ಹಾಗಾಗಿ ಅಕ್ಕ ಪ್ಲಾಸ್ಟಿಕ್ ಇರುವ ತುದಿಗೆ ಬಿಸಿ ತಗುಲದಂತೆ ಅದನ್ನು ಕೊರೆಯುವ ಸಾರಜನಕದಲ್ಲಿ ಮುಳುಗಿಸಿಟ್ಟು, ಖಾಲಿ ತುದಿಯನ್ನು ಕೆಂಪಗೆ ಕಾಯಿಸುತ್ತಾರೆ. ಗಾಜಿನ ಗೆರೆ ಅಲ್ಲಿಗೆ ಸತ್ತಿತು. ಆರಿದ ಮೇಲೆ ಕೊಳವೆ ತಲೆಕೆಳಗು ಮಾಡಿ, ಪ್ಲಾಸ್ಟಿಕ್ಕನ್ನು ಆ ಶುದ್ಧ ತುದಿಗೆ ಜಾರಿಸುತ್ತಾರೆ.

ದಿನಕ್ಕೆ ಹನ್ನೆರಡು ಕೊಳವೆ, ಇಪ್ಪತ್ತೆರಡು ವರ್ಷ. ಬಲಗೈಯ ಎರಡು ಬೆರಳಿಗೆ ಈಗ ಬಿಸಿಯೂ ತಿಳಿಯದು, ತಂಪೂ ತಿಳಿಯದು. “ಮಗಳಿಗೆ ಜ್ವರ ಬಂದ್ರೆ ಕೆನ್ನೆ ತಾಗಿಸಿ ನೋಡ್ತೀನಿ,” ಎನ್ನುತ್ತಾರೆ.

ಏಳಕ್ಕೆ ಸಂಶೋಧಕಿ ಬರುತ್ತಾಳೆ. ಅವಳ ಮೂರು ವರ್ಷದ ಕೆಲಸ ಇವತ್ತು ಹನ್ನೊಂದಕ್ಕೆ ವಿಜ್ಞಾನ ಪತ್ರಿಕೆಗೆ ಹೋಗಬೇಕು. ಎಲ್ಲರಿಗೂ ಕಾಣುವ ಆರು ಗೆರೆಗಳ ನಟ್ಟನಡುವೆ, ತಾನೇ ಸಿದ್ಧಮಾಡಿದ ಕೊಳವೆಯಲ್ಲಿ ಅವಳಿಗೆ ಏಳನೆಯದೊಂದು ಕಂಡಿದೆ. ಹೊಸ ರ‍್ಯಾಡಿಕಲ್ ಎಂದು ಮುಖ್ಯಸ್ಥರು ಸಿಹಿಯನ್ನೂ ಹಂಚಿಯಾಗಿದೆ. ಅನುಮಾನ ಬಂದು ಅಕ್ಕ ನಿನ್ನೆ, ಪ್ಲಾಸ್ಟಿಕ್ ಇಲ್ಲದೆ ವಿಕಿರಣ ಬಡಿದ ಖಾಲಿ ಕೊಳವೆಯೊಂದನ್ನು ಯಂತ್ರಕ್ಕಿಟ್ಟು ನೋಡಿದ್ದಾರೆ. ಅದೇ ಗೆರೆ, ಅದೇ ಜಾಗದಲ್ಲಿ. ಮುಖ್ಯಸ್ಥರಿಗೆ ಹೇಳಿದರೆ, “ಇರಲಿ ಬಿಡಮ್ಮ” ಎಂದರಂತೆ.

“ಕೊಳವೆ ಸುಟ್ಟಿದ್ಯಾ?”

“ಸುಟ್ಟಿದ್ದೆ ಅಕ್ಕಾ! ಪ್ಲಾಸ್ಟಿಕ್ ಹಾಕೋಕೆ ಮುಂಚೆನೇ ಚೆನ್ನಾಗಿ ಸುಟ್ಟಿದ್ದೆ.”

ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಮುಂಚೆ! ಊಟಕ್ಕೆ ಮುಂಚೆ ತಟ್ಟೆ ತೊಳೆದಿದ್ದೆ, ಆಮೇಲೆ ಯಾಕೆ ತೊಳೀಬೇಕು ಅಂದ ಹಾಗಾಯ್ತು. ವಿಕಿರಣ ಬಿದ್ದಿದ್ದು ಆಮೇಲಲ್ವೇನೇ? ತಾ ಇಲ್ಲಿ ಆ ಕೊಳವೆ.”

ಪುಣ್ಯಕ್ಕೆ ಕೊಳವೆ ಇನ್ನೂ ಸಾರಜನಕದಲ್ಲೇ ಇದೆ, ಆ ತಂಪಿಗೆ ರ‍್ಯಾಡಿಕಲ್‌ಗಳು ಉಳಿದಿವೆ. ಅಕ್ಕ ಖಾಲಿ ತುದಿಗೆ ಬೆಂಕಿ ಹಿಡಿಯುತ್ತಾರೆ, ಆರಿಸುತ್ತಾರೆ, ತಿರುವುತ್ತಾರೆ. ಪರದೆಯ ಮೇಲೆ ಗೆರೆಗಳು ಮೂಡುತ್ತವೆ. ಆರು. ನಡುವಿನ ಜಾಗ ಖಾಲಿ.

ಹುಡುಗಿ ಸ್ಟೂಲಿನ ಮೇಲೆ ಕುಸಿದು ಅಳುತ್ತಾಳೆ. ಅಕ್ಕ ಅವಳ ಪಕ್ಕಕ್ಕೆ ಬರುತ್ತಾರೆ.

“ಅಳಬೇಡ. ಆರು ನಿನ್ನವೇ, ಅವನ್ನ ಯಾರೂ ಕಿತ್ಕೊಳ್ಳಲ್ಲ. ಮೇಲಕ್ಕೆ, ಮುಖ್ಯಸ್ಥರ ಹತ್ರ, ನಾನೂ ಬರ್ತೀನಿ. ಬೈಸ್ಕೊಳ್ಳೋಕೆ ಇಬ್ರಿದ್ರೆ ವಾಸಿ.”

ಹನ್ನೊಂದಕ್ಕೆ ಪತ್ರಿಕೆಗೆ ಏನೂ ಹೋಗುವುದಿಲ್ಲ. ಮುಖ್ಯಸ್ಥರು ಅರ್ಧ ಗಂಟೆ ಕೂಗಾಡುತ್ತಾರೆ. ಕೊನೆಗೆ ಖಾಲಿ ಕೊಳವೆಯ ಗೆರೆ ನೋಡಿ ಕನ್ನಡಕ ತೆಗೆದಿಡುತ್ತಾರೆ. ಅಕ್ಕನಿಗೆ ಒಂದು ಒಳ್ಳೆಯ ಮಾತಿಲ್ಲ. ನನಗೆ ಮೈ ಉರಿಯುತ್ತದೆ.

ಇಲ್ಲಿಂದ ಹೊರಬಿದ್ದ ಮೂವತ್ತೊಂದು ಪ್ರಬಂಧಗಳು ಕಪಾಟಿನಲ್ಲಿವೆ. ಒಂದರಲ್ಲೂ ಅಕ್ಕನ ಹೆಸರಿಲ್ಲ. ಒಂದರಲ್ಲಿ ಸ್ಪೆಕ್ಟ್ರೋಮೀಟರಿಗೆ ಕೃತಜ್ಞತೆ ಹೇಳಿದ್ದಾರೆ! ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ. “ಹೆಸರೆಲ್ಲ ಬೇಡ. ಕೊಳವೆಯನ್ನ ಯಾವಾಗ ಸುಟ್ರಿ ಅಂತ ಒಂದು ಸಾಲು ಬರೀಲಿ. ಇನ್ನೊಬ್ಬಳು ಹೀಗೆ ಕೂತು ಅಳೋದು ತಪ್ಪತ್ತೆ.”

ಮಧ್ಯಾಹ್ನ ಸಂಶೋಧಕಿ ಮೂಗು ಒರೆಸಿಕೊಳ್ಳುತ್ತ ಆ ಸಾಲು ಟೈಪಿಸಿ ತೋರಿಸುತ್ತಾಳೆ: ‘ವಿಕಿರಣದ ನಂತರ ಕೊಳವೆಯ ಖಾಲಿ ತುದಿಯನ್ನು ಕೆಂಪಗೆ ಕಾಯಿಸಲಾಯಿತು.’

ಅಕ್ಕ ಎರಡು ಸಲ ಓದುತ್ತಾರೆ. ಸುಟ್ಟ ಬೆರಳನ್ನು ಕೊನೆಯ ಪದದ ಮೇಲಿಟ್ಟು ನನ್ನ ಕಡೆ ತಿರುಗುತ್ತಾರೆ.

“ಈ ‘ಲಾಯಿತು’ ಇದೆಯಲ್ಲ, ಇದು ನಾನು.”