ದಿವಾನ್ ಕೆಳಗಿನ ಕಸ

ಆ ಬಿಳಿ ಪುಡಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಬರೀ ಬಾಯಿಮಾತನ್ನು ನಂಬುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಎಲ್ಲಿ, ಮಾಡಿ ತೋರ್ಸಿ" ಅನ್ನುತ್ತಿದ್ದರು. ಪ್ಲಂಬರ್‌ಗೂ ಅದೇ ಮಾತು, ನೀರಿನ ಫಿಲ್ಟರ್ ಮಾರುವವರಿಗೂ ಅದೇ.

ಒಂದು ಭಾನುವಾರ ವ್ಯಾಕ್ಯೂಮ್ ಕ್ಲೀನರ್ ಮಾರುವವನು ಅವರ ಮನೆಗೆ ಬಂದ. ನಾನೂ ಬಾಗಿಲಲ್ಲಿ ನಿಂತಿದ್ದೆ. ಮೆಷಿನ್ನಿಗೆ ನಲವತ್ತೆರಡು ಸಾವಿರ. ವಯರ್ ಇಲ್ಲ, ಒಂದೇ ಕೈಯಲ್ಲಿ ಎತ್ತಬಹುದು. ಅವನು ಬ್ಯಾಗಿನಿಂದ ಬಿಳಿ ಪುಡಿ ತೆಗೆದು ಜಮಖಾನದ ಮೇಲೆ ಚೆಲ್ಲಿದ.

"ಅದ್ಯಾಕೆ? ನಮ್ಮನೇಲಿ ಕಸಕ್ಕೇನು ಬರವಾ? ದಿವಾನ್ ಕೆಳಗೆ ಮಾಡಿ ತೋರ್ಸಿ," ಅಂದರು ಆಂಟಿ.

ಅಲ್ಲಿ ಉದ್ದ ಕೂದಲು, ತೆಂಗಿನ ನಾರು, ರಸ್ತೆ ಅಗೆದ ಧೂಳು ಎಲ್ಲ ಇತ್ತು. ಕೂದಲು ಬ್ರಷ್‌ಗೆ ಸುತ್ತಿಕೊಂಡಿತು. ಅವನು ಪವರ್ ಜಾಸ್ತಿ ಮಾಡಿದ. ಹತ್ತೇ ನಿಮಿಷಕ್ಕೆ ಕೆಂಪು ದೀಪ ಹತ್ತಿ ಮೆಷಿನ್ ನಿಂತುಹೋಯಿತು.

"ಫುಲ್ ಪವರಲ್ಲಿ ಇಷ್ಟೇ ಬರೋದು ಆಂಟಿ. ನಾಲ್ಕು ಗಂಟೆ ಚಾರ್ಜ್ ಹಾಕ್ಬೇಕು."

"ಕೆಲ್ಸದೋಳು ಅರ್ಧ ರೂಮ್ ಗುಡ್ಸಿ ನಾಲ್ಕು ಗಂಟೆ ಮಲಗಿದ್ರೆ ನೀವು ಸಂಬಳ ಕೊಡ್ತೀರಾ?"

ಅವನು ಬ್ರಷ್‌ಗೆ ಸುತ್ತಿದ ಕೂದಲು ಕೀಳತೊಡಗಿದ. ಆಂಟಿ ಜಮಖಾನದ ಮೇಲಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಅವನ ಕೈಗಿಟ್ಟರು.

"ಇದು ನಿಮ್ ಕಸ. ತಗೊಂಡ್ಹೋಗಿ."

ಅವನನ್ನು ಅಲ್ಲಿಗೆ ಕಳಿಸಿದವನು ನಾನೇ. ಹಿಂದಿನ ವಾರ ಅದೇ ಮೆಷಿನ್ ಕೊಂಡಿದ್ದೆ. ನಮ್ಮ ಮನೆಯಲ್ಲೂ ಅವನು ಆ ಪುಡಿಯನ್ನೇ ಚೆಲ್ಲಿ, ಅದನ್ನೇ ಎಳೆದು ತೋರಿಸಿದ್ದ. ನಾನು ನಮ್ಮ ಮಂಚದ ಕೆಳಗೆ ಬಗ್ಗಿಯೂ ನೋಡದೆ ಕಾರ್ಡ್ ಕೊಟ್ಟಿದ್ದೆ.