ಕಾಕಾನ ಮೋಟಾರಿಗೆ ಆದ ಉಷ್ಣ

ಬಾನೆಟ್ ಎತ್ತಿದ ಮೋಟಾರಿನ ಸುತ್ತ ಗಂಡಸರು ಗುಂಪುಗೂಡಿ ನಿಂತದ್ದನ್ನು ಕಂಡರೆ ಈ ವಯಸ್ಸಿನಲ್ಲೂ ನನಗೆ ಹೇಸಿಕೆ ಬರುತ್ತದೆ. ಒಬ್ಬೊಬ್ಬನ ಬಾಯಲ್ಲೂ ಒಂದೊಂದು ಪಾಂಡಿತ್ಯ, ಕೈ ಮಾತ್ರ ಬೆನ್ನ ಹಿಂದೆ. ಈ ಹೇಸಿಕೆ ಸುಮ್ಮನೆ ಹುಟ್ಟಿದ್ದಲ್ಲ. ಯುದ್ಧದ ಕಾಲದಲ್ಲಿ, ನಾನಿನ್ನೂ ಲಗ್ನವಾಗದ ಹುಡುಗಿಯಾಗಿದ್ದಾಗ, ಹಾನಗಲ್ಲಿನ ನಮ್ಮ ಮನೆಯಲ್ಲಿ ಹುಟ್ಟಿದ್ದು.

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಪ್ಪನ ತಮ್ಮನ ಕೈಗೆ ಹೋಗಿತ್ತು. ಈ ಕಾಕಾ ಸವಣೂರಿನ ಯಾರೋ ಸರದಾರರು ಬಳಸಿ ಬೇಸತ್ತ ಮೋಟಾರೊಂದನ್ನು ಕೊಂಡು ತಂದಿದ್ದ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿದ್ದ ಕಾಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಟಾಕಿ ಬರಿದಾಗಿದ್ದರೂ ಅದರ ಹಿತ್ತಾಳೆಗೆ ಹುಣಸೇಹಣ್ಣು ತಿಕ್ಕಿಸಿ ಬಾಗಿಲ ಮುಂದೆ ನಿಲ್ಲಿಸುತ್ತಿದ್ದ. ಓಡಿಸಿದರೆ ಊರು ದಾಟುವಷ್ಟರಲ್ಲಿ ಕಾದು, ಮುಂದೆ ನೀರು ಹಾಕುವ ಮುಚ್ಚಳದಿಂದ ಬುಸುಬುಸು ಹಬೆ ಬಿಡುತ್ತಿತ್ತು.

ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಅದರ ಜಡ್ಡಿನದೇ ಚರ್ಚೆ. ಇವರೆಲ್ಲ ಎತ್ತು, ಎಮ್ಮೆ ಕಂಡವರು. ತಂಬಾಕು ತಿಕ್ಕುತ್ತ ಒಬ್ಬ, "ಇದಕ್ಕ ಉಷ್ಣ ಆಗೈತ್ರಿ" ಎಂದರೆ ಇನ್ನೊಬ್ಬ, "ಒಳಗ ತಂಪ ಇಲ್ಲರಿ ಇದಕ" ಎನ್ನುತ್ತಿದ್ದ. ಕಾಕಾ ವೈದ್ಯನ ಹಾಗೆ ಮೋರೆ ಗಂಟಿಕ್ಕಿ, "ಉಷ್ಣನ. ನನಗ ಮೊದಲ ಗೊತ್ತಿತ್ತು" ಎನ್ನುತ್ತಿದ್ದ. ಎಲ್ಲರೂ ತಲೆಯಾಡಿಸಿ, ಪಿಚಕ್ಕನೆ ಅಂಗಳಕ್ಕೆ ಉಗುಳಿ ಎದ್ದು ಹೋಗುತ್ತಿದ್ದರು. ಮುಂಜಾನೆ ಆ ಉಗುಳನ್ನು ತೊಳೆಯುವವಳು ನನ್ನ ಅವ್ವ.

ಆ ವರ್ಷ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಕಟ್ಟಿದ್ದೆ. ಅದು ಪಾಸಾದರೆ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಕೆಲಸ ಸಿಗುತ್ತಿತ್ತು. ಕಾಕಾ ಒಪ್ಪಿರಲಿಲ್ಲ. ಅಕ್ಷರ ಬಾರದ ಅವ್ವ ಊಟ ಬಿಟ್ಟು ಮೂಲೆ ಹಿಡಿದು ಕೂತ ಮೇಲೆ, ಮಂದಿ ಏನಂದಾರೆಂಬ ಭಯಕ್ಕೆ ಬಗ್ಗಿದ.

"ಒಂದ ಸರ್ತಿ ಕೂಡ್ಲಿ. ಪಾಸಾದ್ಲೋ, ಅಕ್ಕೋರಾಗ್ಲಿ. ಇಲ್ಲಂದ್ರ ಇದ ವರ್ಷ ಲಗ್ನ. ಮತ್ತ ನನ್ನ ಮುಂದ ಅಳಬಾರ್ದು" ಎಂದು ಹೇಳಿದ.

ಪರೀಕ್ಷೆ ಧಾರವಾಡದಲ್ಲಿ, ನಡುಹಗಲಿಗೆ ಶುರು. ಹಿಂದಿನ ದಿನವೇ, ಊರೂರಿಗೆ ಮಂದಿಯನ್ನು ಒಯ್ಯುವ ಸರ್ವಿಸ್ ಮೋಟಾರಿನಲ್ಲಿ ಕಳಿಸೋಣವೆಂದಳು ಅವ್ವ. ಕಾಕಾ ಕೇಳಲಿಲ್ಲ. "ನಮ್ಮ ಮನಿ ಹುಡುಗಿ ಸರ್ವಿಸ್ ಮೋಟಾರಿನಾಗ ಮಂದಿ ನಡುವ ಕೂಡೂದಿಲ್ಲ. ಪರರ ಮನಿಯಾಗ ವಸ್ತಿನೂ ಬ್ಯಾಡ. ನಸುಕಿನಾಗ ನಾನ ಕರಕೊಂಡು ಹೊಕ್ಕೇನಿ" ಎಂದ. ಮನೆತನದ ಮರ್ಯಾದೆಯನ್ನೆಲ್ಲ ಆ ತೂತು ಡಬ್ಬಿಯಲ್ಲಿ ತುಂಬಿಟ್ಟಿದ್ದ.

ಅಂದು ಎಲ್ಲರಿಗಿಂತ ಮೊದಲು ಎದ್ದ ಅವ್ವ ನನ್ನ ತಲೆ ಬಾಚಿ, ವಿಭೂತಿ ಹಚ್ಚಿ, ಬುತ್ತಿ ಕಟ್ಟಿ ಕೊಟ್ಟಳು. ಕಾಕಾ ಮೋಟಾರು ಹೊಡೆದ, ನಾನು ಹಿಂದೆ ಕೂತೆ. ಹೊತ್ತು ಏರುವ ಮೊದಲೇ, ಹುಬ್ಬಳ್ಳಿ ದಾರಿಯ ತಡಸ ಇನ್ನೂ ದೂರವಿರುವಾಗಲೇ, ಮೋಟಾರು ಗೊರಗೊರ ಸದ್ದು ಮಾಡಿ ನಿಂತಿತು.

ಮುಚ್ಚಳ ತೆಗೆದದ್ದೇ ತಡ, ಹಬೆಯ ಜೊತೆ ಎಂಥದೋ ವಾಸನೆ ಬಂದು ಮೂಗಿಗೆ ಬಡಿಯಿತು. ಹುಳಿ ಹುಳಿಯಾದ, ಸೀದ ಪಾತ್ರೆಯ ಕಮಟು. ಹೊಲಗಳಿಂದ ಗಂಡಸರು ಬಂದು ನೆರೆದರು. ಇಂಥದಕ್ಕೆ ಅವರಿಗೆ ಯಾವಾಗಲೂ ಪುರಸೊತ್ತು.

"ಎಣ್ಣಿ ಸಾಲಾಂಗಿಲ್ರಿ ಇದಕ."

"ಎಣ್ಣಿ ಅಲ್ಲೋ, ಫ್ಯಾನಿಂದು ಪಟ್ಟಿ ಸಡ್ಲಾಗೈತಿ."

"ದೃಷ್ಟಿ ತಾಗೈತ್ರಿ ಗೌಡ್ರ, ನಿಂಬಿಹಣ್ಣ ಕಟ್ರಿ."

ಕಾಕಾ ಎಲ್ಲದಕ್ಕೂ ಹೂಂಗುಟ್ಟಿದ. ಎಣ್ಣೆ ನೋಡಿದ, ಪಟ್ಟಿ ಎಳೆದು ನೋಡಿದ. ನಿಂಬೆಹಣ್ಣು ತರಲು ಒಬ್ಬನನ್ನು ಅಟ್ಟಿದ. ನಡುನಡುವೆ ಬಾಯೊಳಗಿನ ತಂಬಾಕಿನ ರಸವನ್ನು ಗಾಲಿಯ ಪಕ್ಕ ಉಗುಳುತ್ತಿದ್ದ.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಇಳಿದು ಹೋಗಿ, ಸೆರಗು ಸುತ್ತಿಕೊಂಡ ಕೈಯಿಂದ ರಬ್ಬರಿನ ಎರಡೂ ಪೈಪು ಮುಟ್ಟಿ ನೋಡಿದೆ. ಮೇಲಿನದು ಬಟ್ಟೆಯ ಮೇಲಿಂದಲೂ ಸುಡುತ್ತಿತ್ತು. ಕೆಳಗಿನದು ಬೆಳಗಿನ ಕೊಡದಷ್ಟು ತಣ್ಣಗಿತ್ತು. ಬಿಸಿನೀರು ಮೇಲಿಂದ ಬಂದು, ಆರಿ, ಕೆಳಗಿನಿಂದ ಹೋಗಬೇಕು. ಹೋಗುತ್ತಿಲ್ಲ ಅಂದರೆ ನಡುವೆ ಏನೋ ಕಟ್ಟಿಕೊಂಡಿದೆ. ಇಷ್ಟಕ್ಕೆ ಮುಲ್ಕಿಯೂ ಬೇಡ, ಒಲೆಯ ಮುಂದೆ ಕೂತ ಯಾವ ಹೆಂಗಸೂ ಹೇಳುತ್ತಾಳೆ.

"ಕಾಕಾ, ಮ್ಯಾಲಿನ ಪೈಪ ಸುಡಾಕತ್ತೈತಿ, ಕೆಳಗಿಂದು ತಣ್ಣಗೈತಿ. ನಡುವ ಏನೋ ಸಿಕ್ಕೊಂಡೈತ್ರಿ. ಕೆಳಗಿನ ತಿರುಪು ಬಿಚ್ಚಿ ನೋಡ್ರಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕಾಕಾನ ಕಿವಿ ಕೆಂಪಾಯಿತು. "ಹೆಣ್ಮಕ್ಕಳು ಮೋಟಾರಿಗೆ ಕೈ ಹಚ್ಚಬಾರ್ದು. ಒಳಗ ಹೋಗಿ ಕುಂದರು."

ಅಷ್ಟರಲ್ಲಿ ಹಾನಗಲ್ಲಿನ ಸರ್ವಿಸ್ ಮೋಟಾರು ಬಂತು. ನಮ್ಮನ್ನು ನೋಡಿ ಡ್ರೈವರ ನಿಲ್ಲಿಸಿದ. "ಬರ್ರಿ ಗೌಡ್ರ, ಹೆಣ್ಮಕ್ಕಳ ಕಡೆ ಜಾಗಾ ಐತಿ. ಹುಬ್ಬಳ್ಳಿಗೆ ಬಿಡ್ತೇನಿ, ಅಲ್ಲಿಂದ ಧಾರವಾಡ ಏನ ದೂರ."

ನಾನು ಬುತ್ತಿಯ ಗಂಟು ಎತ್ತಿಕೊಂಡು ಇಳಿದೇಬಿಟ್ಟಿದ್ದೆ. ಕಾಕಾ ಅಡ್ಡ ನಿಂತ. ಸುತ್ತ ನಿಂತ ಮಂದಿಯ ಮೇಲೆ ಕಣ್ಣಾಡಿಸಿ, "ನಮ್ಮ ಮೋಟಾರು ಐತಿ. ನೀ ನಡಿ" ಎಂದು ಡ್ರೈವರನಿಗೆ ಹೇಳಿದ. ಸರ್ವಿಸ್ ಮೋಟಾರು ಹೋಯಿತು. ಅದರ ಧೂಳು ನನ್ನ ಬಾಯೊಳಗೆ ಹೊಕ್ಕಿತು. ಉಗುಳಬೇಕೆನಿಸಿತು, ಎಲ್ಲಿ ಉಗುಳಬೇಕೆಂಬುದೂ ಗೊತ್ತಿತ್ತು. ನುಂಗಿಕೊಂಡೆ.

ಬಿಸಿಲು ನೆತ್ತಿಗೆ ಬಂದಿತು. ನಿಂಬೆಹಣ್ಣೂ ಕಟ್ಟಿದ್ದಾಯಿತು. ಧಾರವಾಡದಲ್ಲಿ ನನ್ನ ಪ್ರಶ್ನೆಪತ್ರಿಕೆ ಯಾರ ಕೈಗೂ ಹೋಗದೆ ಮೇಜಿನ ಮೇಲೆ ಬಿದ್ದಿರಬೇಕೆಂದು ನಾನು ಕೂತು ಯೋಚಿಸುತ್ತಿದ್ದೆ. ಮಾಡಲು ಮತ್ತೇನೂ ಉಳಿಯದಿದ್ದಾಗ ಕಾಕಾ, ತನಗೇ ಹೊಳೆದವನಂತೆ, ಕೆಳಗಿನ ತಿರುಪು ಬಿಚ್ಚಿದ. ಒಂದು ಹನಿ ನೀರು ಬರಲಿಲ್ಲ. ಕಡ್ಡಿ ಹಾಕಿ ತಿವಿದ ಮೇಲೆ ಕಂದು ಬಣ್ಣದ ಲೋಳೆ ಗಂಟುಗಂಟಾಗಿ ಇಳಿದು ಅವನ ಅಂಗೈ ತುಂಬಿತು. ಒಬ್ಬ ಬಗ್ಗಿ ಮೂಸಿ ನೋಡಿ, "ಅಂಬಲಿರಿ ಇದು. ಮಜ್ಜಿಗಿನೂ ಬಿದ್ದೈತಿ" ಎಂದ. ನೆರೆದವರಿಗೆ ನಗೆ ತಡೆಯಲಾಗಲಿಲ್ಲ.

"ಯಾರೋ ಆಗದವರು ಮಾಡ್ಯಾರ" ಎಂದು ಕಾಕಾ ಹಲ್ಲು ಕಡಿದ. ಎತ್ತು ಕಟ್ಟಿ ಮೋಟಾರನ್ನು ಹಾನಗಲ್ಲಿಗೆ ಎಳೆಸಿದ. ಆ ಕಮಟು ವಾಸನೆಯಲ್ಲೇ ಕೂತು ನಾನೂ ಮನೆಗೆ ಬಂದೆ.

ಕಾಕಾ ಬಾಗಿಲಲ್ಲೇ ನಿಂತು, ಮೋಟಾರಿಗೆ ಅಂಬಲಿ ಹಾಕಿದವರು ಯಾರೆಂದು ಗುಡುಗಿದ. ಅವ್ವ ಒಳಗಿನಿಂದ ಬಂದಳು. ಹೆದರಿಕೆಯಿರಲಿಲ್ಲ ಆಕೆಗೆ, ಇನ್ನೂ ಏನೂ ತಿಳಿದಿರಲಿಲ್ಲ.

"ನಾನ ಹಾಕೇನಿ. ದಿನಾ ಉಷ್ಣ ಆಗೈತಿ, ಉಷ್ಣ ಆಗೈತಿ ಅಂತಿದ್ರೆಲ್ಲ ನೀವು. ಹುಡುಗಿ ದೂರ ಹೋಗಬೇಕು, ನಡುವ ನಿಲ್ಲಬಾರ್ದಂತ ನಸುಕಿನಾಗ ಮುಚ್ಚಳ ತಗದು ಹಾಕಿದೆ. ತಂಪಾಗಲಿಲ್ಲೇನು?"

ಕಾಕಾನ ಸಿಟ್ಟು ಇಳಿದುಹೋಯಿತು. ಮುಖದ ಮೇಲೆ ಮೊದಲು ಸಮಾಧಾನ ಬಂತು, ಆಮೇಲೆ ನಗೆ. ಇಡೀ ಮೈ ಕುಲುಕುವ ಹಾಗೆ ನಕ್ಕ. "ನೋಡವಾ," ಎಂದ ನನಗೆ, "ನಿನ್ನ ಪರೀಕ್ಷಾ ಕೆಡಿಸಿದಾಕಿ ನಿಮ್ಮವ್ವ. ನನ್ನ ಕಡೆ ಏನೂ ತಪ್ಪಿಲ್ಲ."

ಆಗ ಅವ್ವ ನನ್ನ ಮುಖ ನೋಡಿದಳು. ಆಕೆಯ ಮೇಲೆ ನನಗೆ ಅಂದೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ. ಆ ಪಂಡಿತರ ಮಾತನ್ನು ನಂಬಿ, ಅದಕ್ಕೆ ತಕ್ಕ ಕೆಲಸ ಮಾಡಿದವಳು ಆಕೆ ಒಬ್ಬಳೇ. ಹೇಸಿಕೆಯೆಲ್ಲ ಆ ನಗೆಯ ಮೇಲೆ.

ಮಾತಿಗೆ ತಪ್ಪದ ಮನುಷ್ಯ ಕಾಕಾ. ಅದೇ ಬೇಸಿಗೆಯಲ್ಲಿ ಹಿರೇಕೆರೂರಿನ ಹತ್ತಿ ವ್ಯಾಪಾರದ ಮನೆಯವರನ್ನು ನನ್ನನ್ನು ನೋಡಲು ಕರೆಸಿದ. ಚಹಾ ಆದ ಮೇಲೆ, ಅವ್ವನ ದನಿ ಅಣಕಿಸುತ್ತ, ಅಂಬಲಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಸರ್ವಿಸ್ ಮೋಟಾರು ಬಂದು ನಿಂತದ್ದನ್ನು ಮಾತ್ರ ಹೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತ ಅವ್ವನ ಸೀರೆಯ ಅಂಚು ನನಗೆ ಕಾಣುತ್ತಿತ್ತು. ಬಂದವರೆಲ್ಲ ತೊಡೆ ತಟ್ಟಿಕೊಂಡು ನಕ್ಕರು. ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನಿಗೆ ನನ್ನನ್ನು ಕೊಟ್ಟರು.