ಬ್ರೇಕ್ ಇಲ್ಲದ ಸೀಟು

ಡ್ರೈವಿಂಗ್ ಸ್ಕೂಲ್ ನಡೆಸುವ ಮೇಷ್ಟ್ರನ್ನು ಊರೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಕಲಿಯಲು ಬಂದವರು ಲಾರಿಗಳ ಮೇಲೆ ದಂಡೆತ್ತಿ ಹೋದಾಗಲೆಲ್ಲ ಮೇಷ್ಟ್ರ ಬಲಗಾಲು ಅದರ ಮೇಲೆ ಬೀಳುತ್ತಿತ್ತು. ಲಾರಿಗಳೂ ಶಿಷ್ಯರೂ ಬದುಕಿಕೊಳ್ಳುತ್ತಿದ್ದರು. ಅರ್ಧ ಊರಿನ ಪ್ರಾಣ ಉಳಿಸಿದ ಆ ಕಾಲಿಗೆ ಒಂದು ಸನ್ಮಾನವೂ ಆಗಲಿಲ್ಲ. ಬಲಗಾಲಿನ ಶೂ ಸವೆದದ್ದಷ್ಟೇ ಬಂತು.

ತೊಂದರೆಯೆಂದರೆ, ಕೆಲಸ ಮುಗಿದರೂ ಕಾಲಿಗೆ ರಜೆ ಇರಲಿಲ್ಲ. ಟಿವಿಯಲ್ಲಿ ಕಾರೊಂದು ಜೋರಾಗಿ ಬಂದರೆ ಮುಂದಿದ್ದ ಟೀಪಾಯಿ ಒದೆ ತಿನ್ನುತ್ತಿತ್ತು. ನಿದ್ದೆಯಲ್ಲಿ ತಿರುವು ಬಂದರೆ ಹೆಂಡತಿ ಒದೆ ತಿನ್ನುತ್ತಿದ್ದಳು.

ಆ ಹೆಂಡತಿಯೂ ಒಂದು ಕಾಲದಲ್ಲಿ ಅವರ ಶಿಷ್ಯೆಯೇ. ಲೈಸೆನ್ಸ್ ಸಿಕ್ಕಿತು, ಮದುವೆಯೂ ಆಯಿತು. ಆಮೇಲೆ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. "ನೀವು ಪಕ್ಕದಲ್ಲಿದ್ರೆ ಓಡಿಸೋದೂ ನೀವೇ, ನಿಲ್ಲಿಸೋದೂ ನೀವೇ. ನನ್ನ ಪಾಲಿಗೆ ಬರೀ ಹಾರ್ನು" ಎನ್ನುತ್ತಿದ್ದಳು.

ಹೀಗಿರುವಾಗ, ಐವತ್ತು ದಾಟಿದ ಮೇಷ್ಟ್ರ ಕಣ್ಣಿಗೆ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿಯಲ್ಲಿ ಒಂದು ಪುಟ್ಟ ಕೆಂಪು ಕಾರು ಬಿತ್ತು. ಎರಡೇ ಸೀಟು. ಗುಂಡಿ ಒತ್ತಿದರೆ ತಗಡಿನ ಚಾವಣಿ ಮಡಿಚಿಕೊಂಡು ಡಿಕ್ಕಿಯೊಳಗೆ ಅಡಗುತ್ತಿತ್ತು. ಅಂಗಡಿಯವಳಿಗೆ ಬ್ಯಾಟರಿಯ ಚಿಂತೆ ಹತ್ತುವಷ್ಟು ಸಲ ಮೇಷ್ಟ್ರು ಅದನ್ನು ಮಡಿಸಿ ಬಿಡಿಸಿದರು. ಉಳಿತಾಯ ಗಂಡ ಹೆಂಡತಿ ಇಬ್ಬರದೂ ಆದ್ದರಿಂದ ಒಪ್ಪಿಗೆಯೂ ಇಬ್ಬರದು ಬೇಕಿತ್ತು. ಹೆಂಡತಿಯನ್ನು ಕರೆತಂದರು.

"ರೀ, ಚಾವಣಿ ಡಿಕ್ಕಿಗೆ ಹೋದ್ರೆ ಸಾಮಾನು ಎಲ್ಲಿಡೋದು?"

"ಮುಚ್ಚಿದ್ರೆ ಸಾಮಾನು, ತೆಗೆದ್ರೆ ಗಾಳಿ. ಎರಡೂ ಬೇಕು ಅಂದ್ರೆ ಹೇಗೇ?"

ಹೆಂಡತಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಆಯ್ತು. ಈಗ ಒಂದು ಸುತ್ತು ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ವಾಪಸ್ ಬರೋವರೆಗೆ ನಿಮ್ಮ ಕಾಲು ಒಂದು ಸಲವೂ ನೆಲ ಒದೀಬಾರ್ದು. ಒದ್ರೋ, ಈ ಕಾರಿನ ಮಾತು ಮನೇಲಿ ಎತ್ತಂಗಿಲ್ಲ."

"ಅಷ್ಟೇನಾ?"

"ಅಷ್ಟೇ. ನಿಮ್ಮ ಕೈಲಿ ಆಗಲ್ಲ ಬಿಡಿ."

ಗುರುವಿನ ಮಾನ ಪಣಕ್ಕೆ ಬಿತ್ತು. ಚಾವಣಿ ತೆರೆಯಿತು, ಕಾರು ಹೊರಟಿತು. ಗೇಟಿನ ಕಂಬ ಹತ್ತಿರವಾಗುತ್ತಲೇ ಬಲಗಾಲು ಚಿಗರೆಯಂತೆ ನೆಗೆಯಿತು. ಮೇಷ್ಟ್ರು ಎರಡೂ ಕೈಯಲ್ಲಿ ಮೊಣಕಾಲು ಅದುಮಿ ಹಿಡಿದರು. ಮೊದಲ ತಿರುವಿನಲ್ಲೇ ಗೊತ್ತಾಯಿತು, ಈ ಶತ್ರುವಿಗೆ ಕೈಬಲ ಸಾಲದು. ಶೂ ಕಳಚಿದರು. ನೆಲಕ್ಕಂಟಿದ ಆ ಇಕ್ಕಟ್ಟು ಸೀಟಿನಲ್ಲಿ ಕಾಲೆರಡನ್ನೂ ಮಡಿಸಿ, ಚಕ್ಕಳಮಕ್ಕಳ ಹಾಕಿ, ಬಲಗಾಲಿನ ಮೇಲೆ ತಮ್ಮ ಇಡೀ ಭಾರ ಹೇರಿ ಕುಳಿತುಬಿಟ್ಟರು.

ಸಿಗ್ನಲಿನಲ್ಲಿ ಪಕ್ಕಕ್ಕೊಂದು ಬಸ್ಸು ಬಂದು ನಿಂತಿತು. ಅದರ ಡ್ರೈವರ್ ಹಳೇ ಶಿಷ್ಯ. ಮೇಲಿನಿಂದ ಬಗ್ಗಿ ನೋಡಿದ.

"ಏನ್ ಮೇಷ್ಟ್ರೇ, ನಡುರಸ್ತೇಲಿ ತಪಸ್ಸಾ?"

"ಮಾತಾಡಿಸ್ಬೇಡ್ವೋ, ಕಾಲಿಗೆ ಎಚ್ಚರ ಆಗುತ್ತೆ!"

ಬಸ್ಸಿನ ಆ ಬದಿಯ ಕಿಟಕಿಗಳೆಲ್ಲ ಒಟ್ಟಿಗೆ ಹಲ್ಲು ಬಿಟ್ಟವು. ಮರೆಯಾಗೋಣವೆಂದರೆ ತಲೆಯ ಮೇಲೆ ಚಾವಣಿಯೂ ಇರಲಿಲ್ಲ.

ಮಾರುಕಟ್ಟೆಯ ಮೂಲೆಯಲ್ಲಿ ಸೈಕಲ್ಲಿನವನೊಬ್ಬ ದಿಢೀರನೆ ಅಡ್ಡ ಬಂದ. ಮೇಷ್ಟ್ರು ಕಣ್ಣು ಮುಚ್ಚಿದರು. ಒಳಗೆಲ್ಲೋ ಕಾಲು ಕೊಸರಾಡಿತು, ಹೊರಬರಲು ದಾರಿ ಸಿಗಲಿಲ್ಲ. ಕಣ್ಣು ತೆರೆದಾಗ ಕಾರು ನಿಂತಿತ್ತು, ಸೈಕಲ್ಲಿನವನು ಬೈಯುತ್ತ ಹೋಗುತ್ತಿದ್ದ. ಹೆಂಡತಿ ನಿಲ್ಲಿಸಿದ್ದಳು, ಒಂದಿಷ್ಟೂ ಕುಲುಕದ ಹಾಗೆ. ಇಷ್ಟು ಚೆನ್ನಾಗಿ ಇವಳಿಗೆ ಯಾರು ಕಲಿಸಿದರು ಎಂದು ಮೇಷ್ಟ್ರು ಒಂದು ಗಳಿಗೆ ಯೋಚಿಸಿ, ತಾವೇ ಎಂದು ತೀರ್ಮಾನಿಸಿದರು.

"ಒದ್ರಾ?" ಹೆಂಡತಿ ಕೇಳಿದಳು.

"ಇಲ್ಲ."

"ನಿಜ ಹೇಳಿ."

"ಕಾಲು ಇದೆಯೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ ಕಣೇ, ಒದಿಯೋದೆಲ್ಲಿಂದ?"

ಅಂಗಡಿಗೆ ಮರಳಿದಾಗ ಹೆಂಡತಿ ಸ್ಟೀರಿಂಗ್ ಬಿಟ್ಟು ಏಳಲು ಸ್ವಲ್ಪ ಹೊತ್ತು ಹಿಡಿಯಿತು. "ತಗೊಳ್ತೀವಿ" ಎಂದಳು.

ಅಂಗಡಿಯವಳು ಹಿಗ್ಗಿ ಹೀರೇಕಾಯಿಯಾಗಿ ಮೇಷ್ಟ್ರ ಕಡೆಯ ಬಾಗಿಲು ತೆಗೆದಳು. "ಸರ್, ಈಗ ನೀವೊಂದು ಸುತ್ತು ಹೋಗ್ಬನ್ನಿ."

ಮೇಷ್ಟ್ರು ಬಲಗಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟರು. ಜೋಮು ಹಿಡಿದ ಕಾಲು ಯಾರದೋ ಸಾಮಾನಿನಂತೆ ಅಲ್ಲೇ ಬಿದ್ದುಕೊಂಡಿತು. ಹೆಂಡತಿ ಅದನ್ನೆತ್ತಿ ಮತ್ತೆ ಒಳಗಿಟ್ಟು ಬಾಗಿಲು ಹಾಕಿದಳು.

"ಅವರ ಕಾಲಿಗೆ ಜೀವ ಬರ್ಲಿ. ಅಲ್ಲೀವರೆಗೆ ಕಾರು ನಂದು" ಎಂದು ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು, ಚೌಕಾಸಿಗೆ ಒಳಗೆ ನಡೆದಳು.